ಬೆಣ್ಣೆ ಚಾವಡಿಯಿಂದ ಅಮೃತ ಮಹಲ್‌ವರೆಗೆ: ನಮ್ಮ ಕಾವಲುಗಳ ಕಥೆ

ಚೆನ್ನೈನಲ್ಲಿ 'ಮಹಲ್' ಅಂದರೆ ಮದುವೆ ಮಂಟಪ. ಅಣ್ಣಾ ನಗರದಲ್ಲಿ ನಾಲ್ಕು ಬೀದಿ ಸುತ್ತಿದರೆ ಒಂದು ತಿರುಮಣ ಮಹಲ್ ಸಿಗುತ್ತದೆ. ಹಾಗಾಗಿ ತವರಿನ ಆಸ್ತಿ ಪತ್ರದ ಜೆರಾಕ್ಸ್ ಪ್ರತಿ ಓದುತ್ತಿದ್ದ ನನ್ನ ಮಗಳು, "ಅಮ್ಮಾ, ಅಜ್ಜನ ಹೊಲದ ಪಕ್ಕದಲ್ಲಿ ಮ್ಯಾರೇಜ್ ಹಾಲ್ ಇದೆಯಾ?" ಎಂದು ಕೇಳಿದ್ದರಲ್ಲಿ ಆಶ್ಚರ್ಯವೇನಿಲ್ಲ. ಪತ್ರದ ಚೆಕ್ಕುಬಂದಿಯಲ್ಲಿ ಹೀಗಿತ್ತು: ಪೂರ್ವಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಹಳ್ಳ, ಉತ್ತರಕ್ಕೆ ದಾಯಾದಿಗಳ ಜಮೀನು, ಪಶ್ಚಿಮಕ್ಕೆ ಅಮೃತ ಮಹಲ್ ಕಾವಲು.

ನಮ್ಮ ತವರು ಬೀರೂರು–ಅಜ್ಜಂಪುರದ ಕಡೆ. ಅಲ್ಲಿ ಹುಟ್ಟಿದವರಿಗೆ 'ಕಾವಲು' ಅಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಕಣ್ಣಿಗೆ ಕಾಣುವಷ್ಟು ದೂರ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ ಮರ, ಮಧ್ಯೆ ಒಂದು ಕಟ್ಟೆ. ಆದರೆ ಇಲ್ಲಿ ಹುಟ್ಟಿ ಬೆಳೆದ ಮಗುವಿಗೆ ಅದನ್ನು ಹೇಳಹೊರಟಾಗ ಅದರ ಹಿಂದೆ ನಾನೂರು ವರ್ಷದ ಚರಿತ್ರೆ ಇದೆ ಎಂಬುದೂ, ಆ ಚರಿತ್ರೆಯ ಒಂದು ದೊಡ್ಡ ಭಾಗ ನಮ್ಮ ಈ ಮದರಾಸಿನಲ್ಲೇ ತೀರ್ಮಾನವಾದದ್ದು ಎಂಬುದೂ ಬೆಳಕಿಗೆ ಬಂತು. ಈ ಬಾರಿಯ ಇ-ಸಂಚಿಕೆಗೆ ಗೆಳತಿಯರು ದೇವಸ್ಥಾನ, ಕೋಟೆ, ಅರಮನೆಗಳ ಬಗ್ಗೆ ಬರೆಯುತ್ತಾರೆಂದು ಗೊತ್ತು. ನಾನು ಒಂದು ಬಯಲಿನ ಬಗ್ಗೆ ಬರೆಯುತ್ತೇನೆ.

ಮೊದಲು ಮಾತಿನ ಅರ್ಥ. ಮೈಲಾಪುರದ ಪಕ್ಕದ ಮಂದೈವೆಳಿಗೆ ನಾವೆಲ್ಲ ಹೋಗಿಬರುತ್ತೇವೆ. ಆ ಹೆಸರನ್ನು ಕನ್ನಡ ಕಿವಿಯಿಂದ ಕೇಳಿ ನೋಡಿ: ಮಂದೆಯ ಬಯಲು. ಒಂದಾನೊಂದು ಕಾಲದಲ್ಲಿ ದನದ ಮಂದೆ ಮೇಯುತ್ತಿದ್ದ ಜಾಗ ಇಂದು ಬಸ್ ಡಿಪೋ. ತಮಿಳಿನ ಮಂದೈಯೂ ನಮ್ಮ ಮಂದೆಯೂ ಒಂದೇ. ಊರೂರಿಗೆ ಇಂಥ ಬಯಲು ಇರುತ್ತಿತ್ತು. ನಮ್ಮಲ್ಲಿ ಅದಕ್ಕೆ ಗೋಮಾಳ ಅನ್ನುತ್ತಾರೆ. ನೂರು ದನಕ್ಕೆ ಮೂವತ್ತು ಎಕರೆ ಗೋಮಾಳ ಇರಬೇಕೆಂದು ಕರ್ನಾಟಕದ ಕಂದಾಯ ನಿಯಮದಲ್ಲಿ ಇಂದಿಗೂ ಬರೆದಿದೆ. ಕಾವಲು ಅದಲ್ಲ. ಗೋಮಾಳ ಊರಿನದು, ಕಾವಲು ದೊರೆಯದು. ಊರ ದನ ಒಳಗೆ ಬಾರದಂತೆ ಕಾಯ್ದು ಇಡುತ್ತಿದ್ದುದರಿಂದಲೇ ಅದು 'ಕಾವಲು'. ಈ ವ್ಯತ್ಯಾಸವನ್ನು ಇಲ್ಲಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಥೆ ಶುರುವಾಗುವುದು ಶ್ರೀರಂಗಪಟ್ಟಣದಲ್ಲಿ. ವಿಜಯನಗರದ ಪ್ರತಿನಿಧಿ ಅಲ್ಲಿ ಆಳುತ್ತಿದ್ದ ಕಾಲದಲ್ಲೇ ಹಳ್ಳಿಕಾರ್ ತಳಿಯ ಹಸುಗಳ ಒಂದು ಮಂದೆ ಇತ್ತು. ಶ್ರೀರಂಗಪಟ್ಟಣ ಮೈಸೂರು ಒಡೆಯರ ಕೈಗೆ ಬಂದಾಗ ಮಂದೆಯೂ ಬಂತು. ಚಾಮರಾಜ ಒಡೆಯರು, ಕಂಠೀರವ ನರಸರಾಜ ಒಡೆಯರು ಅದನ್ನು ಬೆಳೆಸಿದರು, ಮೇಯಲು ಅಲ್ಲಲ್ಲಿ ಕಾವಲುಗಳನ್ನು ಗೊತ್ತು ಮಾಡಿದರು. ಅದನ್ನು ಇಲಾಖೆಯಾಗಿ ಕಟ್ಟಿದವರು 1672ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು. ಆಡಳಿತವನ್ನು ಹದಿನೆಂಟು ಕಚೇರಿಗಳಾಗಿ, ಅಂದರೆ ಅಠಾರಾ ಕಚೇರಿಯಾಗಿ, ಹಂಚಿದ ದೊರೆ ಎಂದು ಶಾಲೆಯಲ್ಲಿ ಓದಿದ್ದೇವಲ್ಲ, ಅವರೇ. ದನದ ಇಲಾಖೆಗೆ ಇಟ್ಟ ಹೆಸರು ಬೆಣ್ಣೆ ಚಾವಡಿ. ಎಷ್ಟು ಚೆಂದದ ಹೆಸರು! ಅರಮನೆಗೆ ಹಾಲು, ಬೆಣ್ಣೆ ಒದಗಿಸುವ ಚಾವಡಿ. ಆದರೆ ನಿಜಕ್ಕೂ ಈ ತಳಿಯ ಹಸು ಹಾಲು ಕೊಡುವುದು ಅಷ್ಟಕ್ಕಷ್ಟೇ. ನಮ್ಮಜ್ಜಿ ಹೇಳುತ್ತಿದ್ದರು, "ಇದು ಕರುವಿಗೆ ಸಾಲುವಷ್ಟೇ ಕೊಡೋದು, ನಮಗೆ ಕೊಡೋದು ಎತ್ತು." ಅದರ ಬೆಲೆ ಇದ್ದದ್ದು ಕಾಲಿನಲ್ಲಿ, ಕೆಚ್ಚಲಿನಲ್ಲಲ್ಲ.

ಆ ಬೆಲೆಯನ್ನು ಸರಿಯಾಗಿ ಅಳೆದವನು ಹೈದರಾಲಿ. ಫಿರಂಗಿ ಎಳೆಯಲು, ಸೈನ್ಯದ ಸಾಮಾನು ಹೊರಲು ಈ ಎತ್ತುಗಳಿಗಿಂತ ಬೇರೆ ಇಲ್ಲ ಎಂದು ಕಂಡುಕೊಂಡ. ಅವನ ಕಾಲದಲ್ಲಿ ಕಾವಲುಗಳಲ್ಲಿ ಅರವತ್ತು ಸಾವಿರ ಎತ್ತುಗಳಿದ್ದವೆಂದು ಹೇಳುತ್ತಾರೆ. ಚಿದಂಬರವನ್ನು ಉಳಿಸಿಕೊಳ್ಳಲು ಅವನು ಎರಡೂವರೆ ದಿನದಲ್ಲಿ ನೂರು ಮೈಲಿ ಸೈನ್ಯ ನಡೆಸಿದ್ದನ್ನು ಬ್ರಿಟಿಷರೇ ಬೆರಗಿನಿಂದ ಬರೆದಿಟ್ಟಿದ್ದಾರೆ. ಸೋತ ಯುದ್ಧದಲ್ಲೂ ಶತ್ರುವಿನ ಕಣ್ಣೆದುರಿಗೇ ತೋಪುಗಳನ್ನು ಎಳೆದುಕೊಂಡು ಹೋಗಿಬಿಡುತ್ತಿದ್ದನಂತೆ. ಟಿಪ್ಪು ಜನರಲ್ ಮೆಡೋಸ್‌ನ ಸೈನ್ಯದ ಮುಂದೆ ಎರಡು ದಿನದಲ್ಲಿ 63 ಮೈಲಿ ನಡೆದ. ರೈಲು, ಲಾರಿ ಇಲ್ಲದ ಕಾಲದಲ್ಲಿ ಭಾರವಾದ ಕಂಚಿನ ತೋಪುಗಳೊಂದಿಗೆ! ಮೈಸೂರು ಸೈನ್ಯದ ವೇಗದ ಬಗ್ಗೆ ಮಾತಾಡುವಾಗ ರಾಕೆಟ್ಟಿನ ಬಗ್ಗೆ ಎಲ್ಲರೂ ಹೇಳುತ್ತಾರೆ. ರಾಕೆಟ್ಟು ಹೊತ್ತ ಬಂಡಿಯನ್ನು ಎಳೆದವರ ಬಗ್ಗೆ ಯಾರೂ ಹೇಳುವುದಿಲ್ಲ.

ಬೆಣ್ಣೆ ಚಾವಡಿ ಎಂಬ ಹೆಸರನ್ನು ಅಮೃತ ಮಹಲ್ ಎಂದು ಬದಲಿಸಿದವನು ಟಿಪ್ಪು. ಇಲ್ಲಿ ಮಹಲ್ ಅಂದರೆ ಅರಮನೆಯಲ್ಲ, ಮಗಳೇ, ಮಂಟಪವೂ ಅಲ್ಲ. ಸರ್ಕಾರದ ಒಂದು ಖಾತೆ. ಇಲಾಖೆ ಹೇಗೆ ನಡೆಯಬೇಕೆಂದು ಅವನು ಒಂದು ಹುಕುಂನಾಮೆಯನ್ನೇ ಹೊರಡಿಸಿದ. ಮುಂದೆ ಅವನನ್ನು ಸೋಲಿಸಿದ ಇಂಗ್ಲಿಷರು ಅವನ ಬೇರೆಲ್ಲವನ್ನೂ ಅಳಿಸಿದರೂ ಈ ನಿಯಮಗಳನ್ನು ಮಾತ್ರ ಬಹುಮಟ್ಟಿಗೆ ಹಾಗೇ ಇಟ್ಟುಕೊಂಡರು. ಹಳ್ಳಿಕಾರ್ ಜೊತೆಗೆ ಹಾಗಲವಾಡಿ ಪಾಳೆಯಗಾರರ ದನ, ಚಿತ್ರದುರ್ಗದ ದನ ಸೇರಿದವು. ಈ ಮೂರು ಸೇರಿ ಆದದ್ದೇ ಇಂದು ನಾವು ಅಮೃತ ಮಹಲ್ ತಳಿ ಅನ್ನುವುದು. ಬೂದು ಬಣ್ಣ, ಉದ್ದ ಮುಖ, ಹಿಂದಕ್ಕೆ ಬಾಗಿ ಮೇಲೆದ್ದ ಚೂಪು ಕೊಂಬು. ಹೊಸಬರನ್ನು ಕಂಡರೆ ತಲೆ ಎತ್ತಿ ನಿಂತು ದಿಟ್ಟಿಸುತ್ತವೆ. ಬಯಲಲ್ಲಿ ಬೆಳೆದ ದನ, ಅರ್ಧ ಕಾಡು.

ಕಾವಲುಗಳ ನಿಜವಾದ ಜಾಣ್ಮೆ ಇರುವುದು ಹಂಚಿಕೆಯಲ್ಲಿ. ಅವು ಮೂರು ಬಗೆ: ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು. ಬೇಸಿಗೆಯವು ಕೆರೆ ಅಂಗಳದಲ್ಲಿ, ನೀರೂ ಮರದ ನೆರಳೂ ಇರುವ ಕಡೆ. ಬೆಲೆಬಾಳುವವೂ ಅವೇ, ಸಂಖ್ಯೆಯಲ್ಲಿ ಕಡಿಮೆಯೂ ಅವೇ. ಮಳೆಗಾಲದವು ಮೇಡಿನ ಮೇಲೆ; ಮಳೆ ಬಿದ್ದೊಡನೆ ಹುಲ್ಲು ಚಿಗುರುತ್ತದೆ, ಹಳ್ಳದಲ್ಲಿ ನೀರು ಇರುತ್ತದೆ. ಮಳೆ ನಿಂತ ಮೇಲೂ ಕೆಲವು ತಿಂಗಳು ಹಸಿ ಉಳಿಯುವ ಕಡೆ ಚಳಿಗಾಲದ ಕಾವಲು. ಮಂದೆ ಒಂದು ಕಡೆ ನಿಲ್ಲುವುದಿಲ್ಲ. ಋತು ತಿರುಗಿದಂತೆ ಒಂದು ಕಾವಲಿನಿಂದ ಇನ್ನೊಂದಕ್ಕೆ ನಡೆಯುತ್ತದೆ. ಬಿಟ್ಟುಬಂದ ಕಾವಲಿನ ಹುಲ್ಲು ಅಷ್ಟರಲ್ಲಿ ಬೀಜ ಕಟ್ಟಿ ಮತ್ತೆ ಬೇರೂರುತ್ತದೆ. ಒಂದು ಕಾವಲು ತುಮಕೂರು ಸೀಮೆಯಲ್ಲಿ, ಇನ್ನೊಂದು ಹಾಸನದ ಕಡೆ, ಮತ್ತೊಂದು ಚಿತ್ರದುರ್ಗದ ಕಡೆ. ಒಟ್ಟು ವಿಸ್ತೀರ್ಣ ಒಂದು ಕಾಲಕ್ಕೆ 4,13,539 ಎಕರೆ ಎಂದು ದಾಖಲೆ. ಇದನ್ನು ಒಂದೊಂದು ಬಯಲಾಗಿ ನೋಡಿದರೆ ತಿಳಿಯುವುದಿಲ್ಲ. ಸರದ ಮಣಿಗಳಂತೆ ಎಲ್ಲ ಸೇರಿದಾಗಲೇ ಅದಕ್ಕೆ ಅರ್ಥ. ಬೇಸಿಗೆ ಕಾವಲೊಂದು ಕೈತಪ್ಪಿದರೆ ಮಳೆಗಾಲದ ಕಾವಲು ನಾಲ್ಕಿದ್ದರೂ ಏಪ್ರಿಲ್‌ನಲ್ಲಿ ದನ ಉಳಿಯುವುದಿಲ್ಲ.

ಬೇಲಿ ಇತ್ತೇ? ಇಲ್ಲ. ಗಡಿ ಕಲ್ಲುಗಳು, ಹಳ್ಳದ ಅಂಚು, ಒಂದು ಹಳೆಯ ಬೇವಿನ ಮರ, ಅಷ್ಟೇ. ಮಿಕ್ಕದ್ದು ಕಾವಲುಗಾರ, ಅವನ ದೊಣ್ಣೆ, ಜೊತೆಗೆ ಊರವರ ನೆನಪು. ಈ ಮಾತು ಬಂದಾಗ ನನಗೆ ಸ್ಕಾಟ್ಲೆಂಡಿನ ಹೊಲಗಳ ನೆನಪಾಗುತ್ತದೆ. ನಮ್ಮ ಸಂಘದ ಹಲವರ ಮಕ್ಕಳು ಆ ಕಡೆ ಓದಲು ಹೋಗಿದ್ದಾರೆ, ಫೋಟೋ ಕಳಿಸುತ್ತಾರೆ: ಹಸಿರು ಗುಡ್ಡದ ಮೇಲೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಉದ್ದುದ್ದ ಗೋಡೆಗಳು. ಅಲ್ಲಿ ಹಳೆಯ ಹೊಲದ ಆವರಣಗಳನ್ನೂ ಕೋಟೆ-ಚರ್ಚುಗಳಂತೆ ಚಾರಿತ್ರಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿ ಕಾನೂನಿನಿಂದ ರಕ್ಷಿಸುತ್ತಾರೆ. ನೋಡಲು ಸೊಗಸು. ಆದರೆ ಆ ಗೋಡೆಗಳಲ್ಲಿ ಬಹಳಷ್ಟು ಎದ್ದದ್ದು ಹದಿನೆಂಟನೇ ಶತಮಾನದ 'ಸುಧಾರಣೆ'ಯ ಕಾಲದಲ್ಲಿ. ಒಟ್ಟಾಗಿ ಉಳುತ್ತಿದ್ದ ತೆರೆದ ಹೊಲಗಳನ್ನು ಜಮೀನ್ದಾರರು ಕಟ್ಟುಹಾಕಿಕೊಂಡಾಗ ತುಂಡು ಭೂಮಿಯ ಕುಟುಂಬಗಳು ಊರು ಬಿಟ್ಟು ಪಟ್ಟಣ ಸೇರಿದವು. ಉತ್ತರದ ಗುಡ್ಡಗಾಡಿನಲ್ಲಿ ಕುರಿ ಸಾಕಲು ಜನರನ್ನೇ ಎಬ್ಬಿಸಿ ಹಡಗು ಹತ್ತಿಸಿದರು. ಇಂದು ಗೋಡೆಗೆ ರಕ್ಷಣೆ ಇದೆ. ಅದರ ಹೊರಗೆ ಉಳಿದವರ ಹೆಸರು ಎಲ್ಲೂ ಇಲ್ಲ. ನಮ್ಮ ಕಾವಲಿನಲ್ಲಿ ಗೋಡೆ ಇರಲಿಲ್ಲ, ಹಾಗಾಗಿ ಸ್ಮಾರಕವೆಂದು ತೋರಿಸಲು ಏನೂ ಇಲ್ಲ. ಪುರಾತತ್ವ ಇಲಾಖೆಯ ನೀಲಿ ಫಲಕ ನೆಡಲು ಹುಲ್ಲಿಗೆ ಯಾವ ಕಂಬ?

ಇನ್ನು ಮದರಾಸಿನ ಪಾಲು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈ ಮಂದೆ ಕಂಪನಿ ಸರ್ಕಾರದ ಗಮನಕ್ಕೆ ಬಂತು. ಕೋಟೆಯೊಳಗೆ, ನಮ್ಮ ಸೇಂಟ್ ಜಾರ್ಜ್ ಕೋಟೆಯಲ್ಲಿ, ವೆಲ್ಲೆಸ್ಲಿ ಹೌಸ್ ಎಂಬ ಕಟ್ಟಡವಿದೆ. ಅದು ಕರ್ನಲ್ ಆರ್ಥರ್ ವೆಲ್ಲೆಸ್ಲಿ ಇದ್ದ ಮನೆ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆಗಿ ನೆಪೋಲಿಯನ್ನನನ್ನು ಸೋಲಿಸಿದವನು. ದಖ್ಖನ್ನಿನ ಯುದ್ಧಗಳಲ್ಲಿ ಅವನ ಸೈನ್ಯವನ್ನು ಎಳೆದದ್ದು ಮೈಸೂರಿನ ಎತ್ತುಗಳು. ಸ್ಪೇನಿನ ಯುದ್ಧದಲ್ಲಿ ಅವು ಜೊತೆಗಿಲ್ಲವಲ್ಲ ಎಂದು ಪೇಚಾಡಿದನಂತೆ. 1800ರ ಏಪ್ರಿಲ್ 23ರಂದು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸುತ್ತಿ, ನಮ್ಮ ನೆಲದ ಬೆಳೆ, ದನ, ಗೊಲ್ಲರ ಹಟ್ಟಿ, ಎಲ್ಲವನ್ನೂ ಬರೆದಿಟ್ಟ. ಅವನು ಸ್ಕಾಟ್ಲೆಂಡಿನವನು! ತನ್ನ ಊರಿನಲ್ಲಿ ಕಲ್ಲುಗೋಡೆ ಏಳುತ್ತಿದ್ದ ಕಾಲದಲ್ಲಿ ಬೆಳೆದವನು ನಮ್ಮ ಬಯಲನ್ನು ನೋಡುತ್ತಾ ಹೋದ.

ಮೊದಲು ಕೆಲವು ವರ್ಷ ಮಂದೆಯ ನಿಗಾ ಮೈಸೂರು ಸರ್ಕಾರದ ಕೈಯಲ್ಲಿತ್ತು. ದನ ಸೊರಗಿತು, ಸಂಖ್ಯೆ ಇಳಿಯಿತು. 1813ರಲ್ಲಿ ಮದರಾಸು ಸೈನ್ಯದ ಕಮಿಸರಿಯಟ್ ಇಲಾಖೆಯ ಕ್ಯಾಪ್ಟನ್ ಹಾರ್ವಿಗೆ ವಹಿಸಿದರು. ಅವನು ಟಿಪ್ಪುವಿನ ನಿಯಮಗಳನ್ನೇ ಹಿಡಿದು ಚೇತರಿಸಿದ. ಹುಣಸೂರು ದೊಡ್ಡ ಕೇಂದ್ರವಾಯಿತು. ಹೀಗೆ ಸುಮಾರು ಅರ್ಧ ಶತಮಾನ ಕಡೂರು, ಹಾಸನದ ಕಾವಲುಗಳ ಹುಲ್ಲಿನ ಲೆಕ್ಕ ಮದರಾಸಿನ ಕಡತಗಳಲ್ಲಿತ್ತು.

ಆಮೇಲೆ 1860. ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲ್ಯನ್. ಸೆಂಟ್ರಲ್ ಸ್ಟೇಷನ್ನಿನ ಪಕ್ಕದಲ್ಲಿದ್ದ ಪೀಪಲ್ಸ್ ಪಾರ್ಕ್ ಅವನ ಕನಸಿನ ಕೂಸು; ಪಾರ್ಕ್ ಟೌನ್ ಎಂಬ ಹೆಸರು ಉಳಿದದ್ದು ಅದರಿಂದಲೇ. ನಗರದವರಿಗೆ ಹಸಿರು ಬಯಲು ಬೇಕೆಂದ ಅದೇ ಗವರ್ನರ್, ಖರ್ಚು ಉಳಿಸಬೇಕೆಂದು ಅಮೃತ ಮಹಲ್ ಇಲಾಖೆಯನ್ನು ಮುಚ್ಚಿ ಮಂದೆಯನ್ನು ಮಾರಿಸಿಬಿಟ್ಟ. ಇನ್ನೂರೈವತ್ತು ವರ್ಷ ಆರಿಸಿ ಆರಿಸಿ ಬೆಳೆಸಿದ ತಳಿ ಹರಾಜಿಗೆ ಬಂತು. ಒಳ್ಳೆಯ ಹೋರಿಗಳನ್ನು ಈಜಿಪ್ಟಿನ ಪಾಷಾ ಕೊಂಡುಹೋದನೆಂದು ಗೆಜೆಟಿಯರ್ ಹೇಳುತ್ತದೆ. ಅದೇ ವರ್ಷ ಟ್ರೆವೆಲ್ಯನ್ನನನ್ನೂ ಇಂಗ್ಲೆಂಡಿಗೆ ವಾಪಸು ಕರೆಸಿಕೊಂಡರು. ದನದ ವಿಷಯಕ್ಕಲ್ಲ, ಹೊಸ ಆದಾಯ ತೆರಿಗೆಯನ್ನು ಬಹಿರಂಗವಾಗಿ ವಿರೋಧಿಸಿದ್ದಕ್ಕೆ. ಗವರ್ನರ್ ಹೋದ, ದನವೂ ಹೋಯಿತು. ಐದಾರು ವರ್ಷ ಕಳೆಯುವಷ್ಟರಲ್ಲಿ ಸೈನ್ಯಕ್ಕೆ ಎತ್ತು ಸಿಗದೆ ಕಷ್ಟವಾಗಿ, 1866ರ ಹೊತ್ತಿಗೆ ಮತ್ತೆ ಇಲಾಖೆ ಕಟ್ಟಲು ಆಜ್ಞೆ ಬಂತು. ಅಲ್ಲಿ ಇಲ್ಲಿ ಉಳಿದಿದ್ದ ಹಸುಗಳನ್ನು ಹುಡುಕಿ ಕೊಂಡರು. ಹಸು ಸಿಕ್ಕವು, ಹೋರಿಗೆ ಪರದಾಡಿದರು. ನನ್ನ ಅಭಿಪ್ರಾಯ ಕೇಳಿದರೆ, ತಳಿಗೆ ಬಿದ್ದ ಮೊದಲ ದೊಡ್ಡ ಪೆಟ್ಟು ಶ್ರೀರಂಗಪಟ್ಟಣದ ಯುದ್ಧವಲ್ಲ, ಮದರಾಸಿನ ಈ ಉಳಿತಾಯ.

1881ರಲ್ಲಿ ಮೈಸೂರು ಮತ್ತೆ ಒಡೆಯರ ಆಳ್ವಿಕೆಗೆ ಬಂದಮೇಲೆ, ಚಾಮರಾಜೇಂದ್ರ ಒಡೆಯರ ಸರ್ಕಾರ ಸುಮಾರು 2,25,000 ರೂಪಾಯಿ ಕೊಟ್ಟು ತನ್ನದೇ ಮಂದೆಯನ್ನು ವಾಪಸು ಕೊಂಡುಕೊಂಡಿತು. ಸೈನ್ಯಕ್ಕೆ ಎತ್ತು ಒದಗಿಸಬೇಕೆಂಬ ಷರತ್ತು ಬೇರೆ.

ಇಪ್ಪತ್ತನೇ ಶತಮಾನದ ಕಥೆಯನ್ನು ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಅದು ಕರಗುವ ಕಥೆ. ಸೈನ್ಯಕ್ಕೆ ಮೋಟಾರು ಬಂತು, ಹೊಲಕ್ಕೆ ಟ್ರಾಕ್ಟರ್ ಬಂತು. ಇಲಾಖೆ ಕೃಷಿಯವರ ಕೈಗೆ, ಆಮೇಲೆ ಪಶುಸಂಗೋಪನೆಯವರ ಕೈಗೆ ಹೋಯಿತು. ಅಜ್ಜಂಪುರದಲ್ಲಿ ತಳಿ ಸಂವರ್ಧನಾ ಕೇಂದ್ರ ಈಗಲೂ ಇದೆ. ಅಲ್ಲಿಯ ಹೋರಿ ಕರುಗಳ ಹರಾಜಿಗೆ ದೂರದೂರದ ರೈತರು ಬರುತ್ತಾರೆ. ಕಾವಲುಗಳು ಮಾತ್ರ ವರ್ಷ ವರ್ಷ ಕಡಿಮೆಯಾದವು. ಭೂಮಿ ಇಲ್ಲದವರಿಗೆ ಒಂದಿಷ್ಟು ಹಂಚಿಕೆಯಾಯಿತು, ಅದು ನ್ಯಾಯವೇ. ಒಂದಿಷ್ಟು ನೀಲಗಿರಿ ತೋಪಾಯಿತು, ಒಂದಿಷ್ಟು ಒತ್ತುವರಿ, ಒಂದಿಷ್ಟು ಬಡಾವಣೆ. ಬೆಂಗಳೂರಿನ ಸೈಟುಗಳ ಜಾಹೀರಾತಿನಲ್ಲಿ 'ಬಿ.ಎಂ. ಕಾವಲ್', 'ಯು.ಎಂ. ಕಾವಲ್' ಎಂದು ಓದಿರುತ್ತೀರಲ್ಲ, ಆ ಕಾವಲ್ ಎಂಬ ಬಾಲ ಎಲ್ಲಿಂದ ಬಂತೆಂದು ಸೈಟು ಕೊಳ್ಳುವವರು ಯೋಚಿಸುವುದಿಲ್ಲ. ನಾಲ್ಕು ಲಕ್ಷ ಎಕರೆಯಲ್ಲಿ ಇಂದು ಉಳಿದಿರುವುದು ಅರವತ್ತು ಸಾವಿರದ ಆಸುಪಾಸು.

ಕಾರಣ ಒಂದು ಪದದಲ್ಲಿದೆ: ಖರಾಬು. ಕಂದಾಯದ ಭಾಷೆಯಲ್ಲಿ ಬೆಳೆ ಬೆಳೆಯದ ಭೂಮಿ ಎಲ್ಲ ಖರಾಬು. ಮರವಿದ್ದರೆ ಕಾಡು, ಬೆಳೆಯಿದ್ದರೆ ಹೊಲ, ಎರಡೂ ಇಲ್ಲದಿದ್ದರೆ ಪಾಳು. ಹುಲ್ಲಿಗೆ ತನ್ನದೇ ಒಂದು ಬಾಳಿದೆ ಎಂದು ಒಪ್ಪುವುದು ನಮ್ಮ ಓದಿದವರಿಗೂ ಕಷ್ಟ. ಪರಿಸರ ದಿನಕ್ಕೆ ಗಿಡ ನೆಡಲು ಹುಲ್ಲುಗಾವಲನ್ನೇ ಅಗೆಯುತ್ತೇವೆ. ಆದರೆ ಆ 'ಪಾಳು' ನೆಲದಲ್ಲಿ ಕೃಷ್ಣಮೃಗವಿದೆ, ತೋಳವಿದೆ, ನೆಲದಲ್ಲೇ ಮೊಟ್ಟೆಯಿಡುವ ಹಕ್ಕಿಗಳಿವೆ. ಕೃಷ್ಣಮೃಗ ನೋಡಲು ಮಕ್ಕಳನ್ನು ಗಿಂಡಿ ಉದ್ಯಾನಕ್ಕೆ ಕರೆದೊಯ್ಯುತ್ತೇವಲ್ಲ. ಗಿಂಡಿಯಲ್ಲೂ ಅವು ಹುಡುಕುವುದು ಮರದ ನೆರಳನ್ನಲ್ಲ, ಬಯಲನ್ನು. ನಮ್ಮ ತವರಿನ ಕಡೆಯ ಬಾಸೂರು ಅಮೃತ ಮಹಲ್ ಕಾವಲನ್ನು 2011ರಲ್ಲಿ ವನ್ಯಜೀವಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು, ಸುಮಾರು 1,800 ಎಕರೆ. ಬೆಂಗಳೂರಿನ ಪಕ್ಕದ ಹೆಸರಘಟ್ಟದ ಐದು ಸಾವಿರ ಎಕರೆ ಹುಲ್ಲುಗಾವಲಿಗೂ ಬಹಳ ಎಳೆದಾಟದ ನಂತರ 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿಯ ಒಪ್ಪಿಗೆ ಸಿಕ್ಕಿತು. ದೊರೆಯ ಎತ್ತಿಗಾಗಿ ಕಾಯ್ದ ಹುಲ್ಲು ಈಗ ಜಿಂಕೆಯ ಹೆಸರಿನಲ್ಲಿ ಉಳಿದಿದೆ.

ಎಲ್ಲ ಕಡೆ ಹೀಗಾಗಲಿಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ವರವು ಕಾವಲು, ಉಳ್ಳಾರ್ತಿ ಕಾವಲು, ಖುದಾಪುರದ ಬಯಲುಗಳು ಬಹಳ ದೊಡ್ಡವು. ಅದು ಮ್ಯಾಸನಾಯಕರ ಸೀಮೆ. ಅವರ 'ದೇವರ ಎತ್ತು'ಗಳ ಮಂದೆಗಳಿವೆ. ಅವನ್ನು ಉಳುಮೆಗೆ ಹೂಡುವಂತಿಲ್ಲ, ಮಾರುವಂತಿಲ್ಲ, ಕಿಲಾರಿ ಎಂಬಾತ ಮುಳ್ಳಿನ ರೊಪ್ಪದಲ್ಲಿ ಅವನ್ನು ನೋಡಿಕೊಳ್ಳುತ್ತಾನೆ. ಕುರಿ ಸಾಕುವವರು, ಚಳ್ಳಕೆರೆ ಕಂಬಳಿ ನೇಯುವವರು ಎಲ್ಲರಿಗೂ ಆ ಬಯಲೇ ಆಧಾರ. 2007ರ ನಂತರ ಅಲ್ಲಿ ಸುಮಾರು ಹತ್ತು ಸಾವಿರ ಎಕರೆಯನ್ನು ಸರ್ಕಾರ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಕೊಟ್ಟಿತು: ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ರಕ್ಷಣಾ ಸಂಶೋಧನೆಯ ಡಿಆರ್‌ಡಿಒಗೆ ನಾಲ್ಕು ಸಾವಿರಕ್ಕೂ ಹೆಚ್ಚು, ಬಾಬಾ ಅಣು ಸಂಶೋಧನಾ ಕೇಂದ್ರ, ಇಸ್ರೋ. ಊರವರಿಗೆ ಸುದ್ದಿ ಮುಟ್ಟಿದ್ದು ಗೋಡೆ ಏಳತೊಡಗಿದಾಗ. ಶತಮಾನಗಳ ನಂತರ ಕಾವಲಿಗೆ ಕೊನೆಗೂ ಕಲ್ಲಿನ ಗೋಡೆ ಬಂತು, ಸ್ಕಾಟ್ಲೆಂಡಿಗಿಂತ ಎತ್ತರದ್ದು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ದಕ್ಷಿಣ ಪೀಠದ ಮುಂದೆ ಬಂತು. ಆ ಪೀಠ ಇರುವುದು ಎಲ್ಲಿ? ನಮ್ಮ ಚೆನ್ನೈನಲ್ಲಿ. ಮತ್ತೊಮ್ಮೆ ಕಾವಲಿನ ಲೆಕ್ಕ ಮದರಾಸಿಗೆ! ಚಳ್ಳಕೆರೆಯಿಂದ ಜನ ಇಷ್ಟು ದೂರ ಬಂದು ಹೋದರು. 2014ರ ಆಗಸ್ಟ್‌ನಲ್ಲಿ ತೀರ್ಪು ಬಂತು. ಷರತ್ತುಗಳೊಂದಿಗೆ ಯೋಜನೆಗಳು ಮುಂದುವರಿದವು. 2017ರಲ್ಲಿ ವರವು ಕಾವಲಿನಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. 2023ರ ಏಪ್ರಿಲ್‌ನಲ್ಲಿ ಇಸ್ರೋದ ಮರುಬಳಕೆಯ ಗಗನನೌಕೆ ಹೆಲಿಕಾಪ್ಟರಿನಿಂದ ಬಿಡುಗಡೆಯಾಗಿ ತಾನಾಗಿಯೇ ನೆಲಕ್ಕಿಳಿದ ವಿಡಿಯೋ ನಾವೆಲ್ಲ ವಾಟ್ಸ್ಆ್ಯಪ್‌ನಲ್ಲಿ ಹಂಚಿಕೊಂಡು ಹೆಮ್ಮೆಪಟ್ಟೆವಲ್ಲ, ಅದು ಇಳಿದದ್ದು ಆ ಹುಲ್ಲಿನ ಮೇಲೆಯೇ. ನನಗೂ ಹೆಮ್ಮೆಯಾಯಿತು. ಕುರಿಯವರು ಆ ದಿನ ಎಲ್ಲಿ ಮೇಯಿಸಿದರೋ ಎಂದೂ ಅನ್ನಿಸಿತು. ಎರಡೂ ಒಟ್ಟಿಗೇ.

ಇಲ್ಲಿ ಹೆಣ್ಣುಮಕ್ಕಳ ವಿಷಯ ಹೇಳದಿದ್ದರೆ ನಮ್ಮ ವೇದಿಕೆಗೆ ಬರೆದು ಪ್ರಯೋಜನವಿಲ್ಲ. ಕಾವಲಿನ ದಾಖಲೆಗಳಲ್ಲಿ ಸೇರ್ವೆಗಾರ, ದರೋಗ, ಕಾವಲುಗಾರ, ಕ್ಯಾಪ್ಟನ್, ಗವರ್ನರ್ ಎಲ್ಲ ಸಿಗುತ್ತಾರೆ, ಒಬ್ಬ ಹೆಂಗಸೂ ಸಿಗುವುದಿಲ್ಲ. 'ಬೆಣ್ಣೆ' ಚಾವಡಿಯಲ್ಲಿ ಬೆಣ್ಣೆ ಕಡೆದವರು ಯಾರು? ನಮ್ಮ ಕಡೆ ಕಾವಲಿಗೆ ದಿನವೂ ಹೋಗುತ್ತಿದ್ದವರು ಹೆಂಗಸರು: ಸಗಣಿ ಹೆಕ್ಕಲು, ಪೊರಕೆ ಹುಲ್ಲು ಕೊಯ್ಯಲು, ಮಳೆ ಬಿದ್ದಾಗ ಅಣ್ಣೆ ಸೊಪ್ಪು ಕೀಳಲು, ಕಾರೆ ಹಣ್ಣು, ಎಲಚಿ ಹಣ್ಣಿಗೆ. ಕಾನೂನಿನ ಪ್ರಕಾರ ಇದಾವುದೂ ಹಕ್ಕಲ್ಲ. ದೊರೆಯ ಕಾವಲಿನಲ್ಲಿ ಊರವರಿಗೆ ಹಕ್ಕು ಎಂದೂ ಇರಲಿಲ್ಲ. ಇಲಾಖೆಯ ದನ ಕಡಿಮೆಯಾದಂತೆ ಊರ ಕುರಿ-ದನ ಮೆಲ್ಲಗೆ ಒಳಗೆ ಬಂದವು, ಕಾವಲುಗಾರ ಕಂಡೂ ಕಾಣದಂತಿದ್ದ. ಆ ಕಾಣದಂತಿರುವಿಕೆಯಲ್ಲೇ ಎರಡು ಮೂರು ತಲೆಮಾರು ಬದುಕಿತು.

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಆಸ್ತಿ ಭಾಗದ ಮಾತು ನಡೆಯುತ್ತಿತ್ತು. ಕರ್ನಾಟಕದಲ್ಲಿ 1994ರಿಂದಲೇ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಇದೆ, ದೇಶಕ್ಕೆಲ್ಲ 2005ರಲ್ಲಿ ಬಂತು. ಆದರೂ ಅಕ್ಕತಂಗಿಯರು ಹಕ್ಕು ಖುಲಾಸೆಗೆ ಸಹಿ ಹಾಕಿ ಬರುವುದು ರೂಢಿ. ಕಾವಲಿನ ಪಕ್ಕದ ಹೊಲಗಳಿಗೆ ಈಗ ಒಳ್ಳೆಯ ಗಿರಾಕಿ ಇದ್ದಾರೆ. 'ಎದುರಿಗೆ ಕಾಡು, ಜಿಂಕೆ ಕಾಣುತ್ತದೆ' ಎಂದು ತೋಟದ ಮನೆ ಕಟ್ಟುವವರು. ನನ್ನ ಅಣ್ಣ ಮಾರುವ ಕಡೆ, ನಾನು ಬೇಡದ ಕಡೆ. ನನ್ನ ಅತ್ತಿಗೆಗೆ ಇಪ್ಪತ್ತು ಕುರಿ, ಎರಡು ಹಸು. ಮೀಸಲು ಆದಮೇಲೆ ಕಾವಲಿನೊಳಗೆ ಬಿಡುವುದಿಲ್ಲ. ನಾನು ಕೃಷ್ಣಮೃಗ, ತೋಳ, ಚರಿತ್ರೆ ಎಂದೆಲ್ಲ ಹೇಳುತ್ತಿದ್ದರೆ ಅವರು ರಾಗಿ ಕೇರುತ್ತಲೇ ಅಂದರು: "ಅಲ್ಲ ಕಣಮ್ಮ, ತೋಳ ಉಳೀಲಿ ಅಂತ ನಾನೂ ಅಂತೀನಿ. ಆದ್ರೆ ತೋಳ ನನ್ನ ಕುರೀನ ಹಿಡಿದ್ರೆ ಕಾಡಿಂದು, ನನ್ನ ಕುರಿ ಒಂದು ಹಿಡಿ ಹುಲ್ಲು ಕಚ್ಚಿದ್ರೆ ಕಳ್ಳತನ. ಇದ್ಯಾವ ಲೆಕ್ಕ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಸಹಿ ಇನ್ನೂ ಹಾಕಿಲ್ಲ. ಮೇಯುವ ದನ ಒಂದೂ ಇಲ್ಲದ ಹುಲ್ಲುಗಾವಲಿನಲ್ಲಿ ಕೆಲವೇ ವರ್ಷಕ್ಕೆ ಮುಳ್ಳುಕಂಟಿ ತುಂಬುತ್ತದೆ ಎಂಬುದನ್ನು ಅತ್ತಿಗೆಯಂಥವರು ಕಣ್ಣಾರೆ ಕಂಡಿದ್ದಾರೆ. ಹುಲ್ಲು ಹುಟ್ಟಿದ್ದೂ ಉಳಿದದ್ದೂ ದನದ ಗೊರಸಿನ ಜೊತೆಗೇ. ಋತುವಿಗೊಂದು ಕಾವಲು ಎಂಬ ಹಳೆಯ ಲೆಕ್ಕವನ್ನು ಊರ ದನಕ್ಕೂ ಅನ್ವಯಿಸಿ, ವರ್ಷದಲ್ಲಿ ಇಷ್ಟು ತಿಂಗಳು ಇಷ್ಟು ತಲೆ ಎಂದು ಬಿಡಲು ಏನು ಅಡ್ಡಿಯೋ ನನಗೆ ತಿಳಿಯದು.

ಈ ಪ್ರಶ್ನೆ ಕರ್ನಾಟಕಕ್ಕೇ ಸೀಮಿತವಲ್ಲ. ಇಲ್ಲೇ, ತಮಿಳುನಾಡಿನ ಈರೋಡು ಜಿಲ್ಲೆಯ ಅಂದಿಯೂರಿನ ಮೇಲಿನ ಬರ್ಗೂರು ಬೆಟ್ಟದಲ್ಲಿ ಕನ್ನಡ ಮಾತಾಡುವ ಲಿಂಗಾಯತರು ತಲೆತಲಾಂತರದಿಂದ ಬರ್ಗೂರು ತಳಿಯ ದನ ಸಾಕುತ್ತಾರೆ. ಕೆಂಪು ಮೈಮೇಲೆ ಬಿಳಿ ಮಚ್ಚೆ, ಬಲು ಚುರುಕು, ನಮ್ಮ ಅಮೃತ ಮಹಲ್‌ನಂತೆಯೇ ಓಟಕ್ಕೆ ಹೆಸರು. ಕಾಡಿನೊಳಗೆ ಪಟ್ಟಿ ಹಾಕಿ, ಅಂದರೆ ಬೇಲಿ ಕಟ್ಟಿದ ದೊಡ್ಡಿ ಮಾಡಿ, ಮಂದೆಯನ್ನು ತಿಂಗಳುಗಟ್ಟಲೆ ಅಲ್ಲೇ ಇರಿಸುವುದು ಅವರ ಪದ್ಧತಿ. 2017ರ ಜನವರಿಯಲ್ಲಿ ಜಲ್ಲಿಕಟ್ಟಿಗಾಗಿ ಮರೀನಾದಲ್ಲಿ ಸೇರಿದ ಲಕ್ಷಾಂತರ ಜನ ನಾಡತಳಿಗಳ ಹೆಸರು ಹೇಳಿ ಕೂಗುವಾಗ ಬರ್ಗೂರಿನ ಹೆಸರೂ ಕೇಳಿಬಂದಿತ್ತು. 2022ರ ಮಾರ್ಚ್‌ನಲ್ಲಿ ಮದರಾಸು ಹೈಕೋರ್ಟ್ ತಮಿಳುನಾಡಿನ ಎಲ್ಲ ಕಾಡುಗಳಲ್ಲೂ ದನ ಮೇಯಿಸುವುದನ್ನು ನಿಷೇಧಿಸಿತು. ಕೆಲವೇ ದಿನಗಳಲ್ಲಿ ಅದನ್ನು ಹುಲಿ ಮೀಸಲು, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಸೀಮಿತಗೊಳಿಸಿತು. 2024ರಲ್ಲಿ ಬರ್ಗೂರು ಬೆಟ್ಟದ ಕಾಡು ತಂದೈ ಪೆರಿಯಾರ್ ವನ್ಯಜೀವಿ ಅಭಯಾರಣ್ಯವಾಯಿತು. ಆ ಬೆಟ್ಟದ ಮನೆಗಳಲ್ಲಿ ಆಡುವ ಕನ್ನಡ ನಮ್ಮ ಅಜ್ಜಿಯರ ಕನ್ನಡಕ್ಕೆ ಬಹಳ ಹತ್ತಿರದ್ದು. ಅಣ್ಣಾ ನಗರದಿಂದ ಅಂದಿಯೂರು ಒಂದು ರಾತ್ರಿಯ ಪ್ರಯಾಣ. ಅಂದಿಯೂರಿನ ಗುರುನಾಥಸ್ವಾಮಿ ಜಾತ್ರೆ ಆಡಿ ತಿಂಗಳಲ್ಲಿ, ಅಂದರೆ ಜುಲೈ–ಆಗಸ್ಟ್‌ನಲ್ಲಿ. ಅಲ್ಲಿಯ ದನದ ಸಂತೆಗೆ ಬೆಟ್ಟದಿಂದ ಬರ್ಗೂರು ಮಂದೆಗಳು ಇಳಿದು ಬರುತ್ತವೆ.